ಬೆಳ್ಳಿ ನೀರು ಮತ್ತು ಒಂಟಿ ಸೀನು

ದೇವರು ಮನುಷ್ಯನಿಗೆ ರೋಗ ಕೊಡುವುದೇ ಆದರೆ ನಾಲ್ಕು ಜನರ ಎದುರು ಹೇಳಿಕೊಳ್ಳುವಂಥದ್ದನ್ನು ಕೊಡಬೇಕು. ಬಿ.ಪಿ. ಇದ್ದವನಿಗೆ ಮದುವೆ ಮನೆಯಲ್ಲಿ ಉಪ್ಪು ಕಡಿಮೆ ಹಾಕಿದ ಸಾರನ್ನು ಬೇರೆಯಾಗಿ ತಂದು ಬಡಿಸುತ್ತಾರೆ. ಸಕ್ಕರೆ ಕಾಯಿಲೆಯವನು ಹೋಳಿಗೆ ಬೇಡವೆಂದು ಕೈ ಅಡ್ಡ ಹಿಡಿದರೆ ಇಡೀ ಪಂಕ್ತಿಯೇ ಅಯ್ಯೋ ಪಾಪ ಅನ್ನುತ್ತದೆ. ಆಮೇಲೆ ಅವನು ಅಡುಗೆಯವರ ಕಡೆ ಹೋಗಿ ಎರಡು ತಿಂದು ಬಂದರೂ ಯಾರೂ ಏನೂ ಕೇಳುವುದಿಲ್ಲ. ಮೂಲವ್ಯಾಧಿಗೂ ಒಂದು ಗುಟ್ಟಿನ ಗೌರವವಿದೆ. ನನಗೆ ಮಾತ್ರ ಸೀನು ಬಂತು. ಅದೂ ಎಂಥ ಸೀನು, ಒಂಟಿ ಸೀನು.

ಸೀನು ಎಲ್ಲರಿಗೂ ಬರುತ್ತದೆ, ನಿಜ. ಬೇರೆಯವರಿಗೆ ಬಂದರೆ ಒಂದರ ಹಿಂದೆ ಒಂದು ಎರಡೋ ಮೂರೋ ಬಂದು, ಮೂಗು ಒರೆಸಿಕೊಂಡು, ಕೆಲಸ ಮುಗಿಯುತ್ತದೆ. ನಮ್ಮ ಕಡೆ ಜೋಡಿ ಸೀನಿಗೆ ದೋಷವಿಲ್ಲ. ಒಂಟಿ ಸೀನು ಅಪಶಕುನ. ಹೊರಟವರು ನಿಲ್ಲಬೇಕು, ಒಳಗೆ ಬಂದು ಕೂರಬೇಕು, ಒಂದು ಗುಟುಕು ನೀರು ಕುಡಿದು ಮತ್ತೆ ಹೊರಡಬೇಕು. ನನಗೆ ಬುದ್ಧಿ ಬಂದಾಗಿನಿಂದ ಬರುವುದು ಒಂದೇ. ಎರಡನೆಯದು ಬರುತ್ತದೆ ಎಂಬಂತೆ ಮೂಗಿನ ತುದಿಗೆ ಬಂದು ನಿಂತು, ಮನಸ್ಸು ಬದಲಾಯಿಸಿ ವಾಪಸ್ಸು ಹೋಗುತ್ತದೆ. ಬಾಯಿ ತೆರೆದುಕೊಂಡು, ಕಣ್ಣು ಕಿರಿದು ಮಾಡಿಕೊಂಡು, ಆಕಾಶ ನೋಡುತ್ತ ನಾನು ಕಾದದ್ದೆಲ್ಲ ವ್ಯರ್ಥ. ಇದರ ಮೇಲೆ ನಮ್ಮದು ಚಳ್ಳಕೆರೆಯಲ್ಲಿ ಶೇಂಗಾ ಮಂಡಿ. ಚೀಲ ಸುರಿದಾಗ ಏಳುವ ಧೂಳು ಎಂಥದ್ದೆಂದರೆ ಎದುರು ಕೂತ ರೈತನ ಮುಖ ಕಾಣಬೇಕಾದರೆ ಸ್ವಲ್ಪ ಹೊತ್ತು ಕಾಯಬೇಕು. ಆ ಧೂಳು ಇಪ್ಪತ್ತು ವರ್ಷ ನನ್ನ ಮೂಗಿನಲ್ಲಿ ಬಾಡಿಗೆ ಇಲ್ಲದೆ ಸಂಸಾರ ಮಾಡಿತ್ತು.

ಹೀಗಾಗಿ ನಮ್ಮ ಬೀದಿಯಲ್ಲಿ ಯಾರಾದರೂ ಒಳ್ಳೆಯ ಕೆಲಸಕ್ಕೆ ಹೊರಟರೆ ಮೊದಲು ನಮ್ಮ ಮನೆಯ ಕಡೆ ನೋಡುತ್ತಿದ್ದರು. ನಾನು ಜಗಲಿಯ ಮೇಲಿದ್ದರೆ ಹಿತ್ತಲ ಬಾಗಿಲಿನಿಂದ ಹೋಗುತ್ತಿದ್ದರು. ಪಕ್ಕದ ಮನೆಯವರು ಮಗನಿಗೆ ಹೆಣ್ಣು ನೋಡಲು ಹೊರಟ ದಿನ ನನ್ನ ಸೀನಿನಿಂದ ಮೂರು ಸಲ ಒಳಗೆ ಹೋಗಿ ಮೂರು ಸಲ ನೀರು ಕುಡಿದರು. ಕೊನೆಗೆ ಬಸ್ಸು ತಪ್ಪಿತು. ಆ ಸಂಬಂಧ ಕೂಡಿಬರಲಿಲ್ಲ. ಹುಡುಗಿಗೆ ಹುಡುಗ ಹಿಡಿಸಲಿಲ್ಲ ಎಂಬುದು ಅಸಲಿ ಕಾರಣ, ಆದರೆ ಆ ಮನೆಯ ಹೆಂಗಸರ ಲೆಕ್ಕದಲ್ಲಿ ಅದು ನನ್ನ ತಲೆಗೇ ಬಂತು. ನಮ್ಮವ್ವನೇ, ಹೆತ್ತ ತಾಯಿ, ದೇವಸ್ಥಾನಕ್ಕೆ ಹೊರಡುವ ಮೊದಲು, "ಲೇ ತಿಪ್ಪೇಶ, ಸೀನೋದಿದ್ರೆ ಈಗ್ಲೇ ಸೀನಿಬಿಡಪ್ಪ, ನಾನು ಚಪ್ಪಲಿ ಮೆಟ್ಟಿದ ಮೇಲೆ ಬ್ಯಾಡ," ಅನ್ನುತ್ತಿದ್ದಳು.

ಇಷ್ಟು ವರ್ಷ ಇದನ್ನೆಲ್ಲ ನುಂಗಿಕೊಂಡು ಬಂದವನಿಗೆ ನುಂಗಲಾಗದ ಒಂದು ಸಂದರ್ಭ ಬಂತು. ನನ್ನ ಹೆಂಡತಿ ಗಿರಿಜಳ ತವರು ಮೊಳಕಾಲ್ಮೂರು. ಅವಳ ಅಣ್ಣನ ಮಗಳಿಗೆ ಕೊಂಡ್ಲಹಳ್ಳಿಯ ಕಡೆಯ ಗಂಡು ಗೊತ್ತಾಗಿ, ನಿಶ್ಚಿತಾರ್ಥಕ್ಕೆ ದಿನ ಇಟ್ಟರು. ಆ ಹುಡುಗಿಯನ್ನು ನಾನು ಎತ್ತಿ ಆಡಿಸಿದ್ದೇನೆ. ಸುದ್ದಿ ಕೇಳಿ ನಾನು ಪಂಚೆ ಶಲ್ಯ ಇಸ್ತ್ರಿಗೆ ಕೊಡುವ ಯೋಚನೆಯಲ್ಲಿದ್ದರೆ, ಗಿರಿಜ ಅಕ್ಕಿ ಆರಿಸುತ್ತ, ತಲೆ ಎತ್ತದೆ ಹೇಳಿದಳು: "ಅವತ್ತು ತಾಂಬೂಲ ಬದಲಾಯಿಸೋ ಹೊತ್ತಿನಾಗೆ ನೀವು ಒಂಚೂರು ಶಾಮಿಯಾನದ ಹೊರಗೆ ನಿಂತು ಕಾರು-ಗೀರು ನೋಡ್ಕಂತೀರೇನ್ರಿ?"

"ಯಾರ ಕಾರು?"

"ಯಾರದಾದ್ರೂ."

ಮೊಳಕಾಲ್ಮೂರಿನ ಆ ಮನೆಯಲ್ಲಿ ನನಗಿದ್ದ ಮರ್ಯಾದೆ ಸಾಮಾನ್ಯದ್ದಲ್ಲ. ನಮ್ಮ ಮಾವನವರು ಮಗ್ಗ ಇಟ್ಟುಕೊಂಡು ರೇಷ್ಮೆ ಸೀರೆ ವ್ಯಾಪಾರ ಮಾಡುವವರು, ಊರಿನಲ್ಲಿ ದೊಡ್ಡ ಮನುಷ್ಯರು. ಅವರು ನನ್ನನ್ನು ಅಂಗೈಯಲ್ಲಿಟ್ಟು ನೋಡಿಕೊಂಡರು. ನಾನು ಅಲ್ಲಿಗೆ ಹೋದಾಗ ಒಂದು ವೀಳ್ಯದೆಲೆ ತರಲಿಕ್ಕೂ ನನ್ನನ್ನು ಬಜಾರಿಗೆ ಕಳಿಸಿದವರಲ್ಲ. "ಅಳಿಯಂದಿರಿಗೆ ಯಾಕೆ ತೊಂದ್ರೆ, ಕೂತ್ಕಳ್ರಿ, ಕೂತ್ಕಳ್ರಿ," ಎನ್ನುತ್ತ ಚಪ್ಪಲಿಯನ್ನೇ ಮುಚ್ಚಿಡುತ್ತಿದ್ದರು. ಹೋರಿ ಕೊಳ್ಳುವುದಿರಲಿ, ಬಂಗಾರ ಕೊಳ್ಳುವುದಿರಲಿ, ನನ್ನನ್ನು ಕರೆಯದೆ ಮುಗಿಸಿ, ಆಮೇಲೆ ತಂದು ತೋರಿಸುತ್ತಿದ್ದರು. ಅಂಥ ರಾಜಮರ್ಯಾದೆಯ ಅಳಿಯ ಹೊರಗೆ ನಿಂತು ಕಾರು ಕಾಯುವುದೇ? ನಿಶ್ಚಿತಾರ್ಥಕ್ಕೆ ಇನ್ನೂ ಮೂರು ವಾರವಿತ್ತು. ಅಷ್ಟರೊಳಗೆ ಈ ಸೀನನ್ನು ಬುಡಸಮೇತ ಕಿತ್ತು, ಶಾಮಿಯಾನದ ನಡುಮಧ್ಯೆ, ಶಾಸ್ತ್ರ ಮಾಡಿಸುವ ಅಯ್ಯನವರ ಪಕ್ಕದಲ್ಲಿ ಕೂರುತ್ತೇನೆಂದು ಮನಸ್ಸಿನಲ್ಲೇ ಹಟ ತೊಟ್ಟೆ.

ಔಷಧಿ ಮಾಡಿಲ್ಲವೆಂದಲ್ಲ. ಡಾಕ್ಟರ್ ಕೊಟ್ಟ ಮಾತ್ರೆ ತಿಂದರೆ ಸೀನು ನಿಲ್ಲುತ್ತಿತ್ತು, ಆದರೆ ನಾನೂ ನಿಲ್ಲಲಾಗದೆ ಶೇಂಗಾ ಚೀಲದ ಮೇಲೆ ಮಲಗಿಬಿಡುತ್ತಿದ್ದೆ. ಅವ್ವ ಮೆಣಸಿನ ಕಷಾಯ ಕುಡಿಸಿದಳು, ಅರಿಸಿನದ ಕೊಂಬು ಸುಟ್ಟು ಹೊಗೆ ಹಿಡಿಸಿದಳು. ಆ ಹೊಗೆಗೆ ಮನೆಯವರೆಲ್ಲ ಜೋಡಿಯಾಗಿ, ತ್ರಿವಳಿಯಾಗಿ ಸೀನಿದರು. ನಾನು ಒಂದೇ ಸೀನಿದೆ.

ಇಂಥ ಹೊತ್ತಿನಲ್ಲಿ ಒದಗಿ ಬಂದವನು ಸಿದ್ಲಿಂಗಣ್ಣ. ನನಗಿಂತ ಹತ್ತು ವರ್ಷ ದೊಡ್ಡವನು, ಕರೆಂಟ್ ಆಫೀಸಿನಲ್ಲಿ ಲೈನ್‌ಮನ್ ಆಗಿದ್ದು ನಿವೃತ್ತನಾದವನು. ಮೂವತ್ತು ವರ್ಷ ಕಂಬ ಹತ್ತಿ ಇಳಿದವನಿಗೆ ನೆಲದ ಮೇಲೆ ಏನು ಮಾಡಬೇಕೆಂದು ತೋಚದೆ, ಆಗಷ್ಟೇ ನಮ್ಮ ಊರಿಗೂ ಬಂದಿದ್ದ ಬ್ರೌಸಿಂಗ್ ಸೆಂಟರಿಗೆ ಹೋಗಿ ಕೂರುತ್ತಿದ್ದ. ಅಲ್ಲಿಂದ ದಿನಕ್ಕೊಂದು ಪ್ರಿಂಟು ತೆಗೆದುಕೊಂಡು ನೇರ ನನ್ನ ಮಂಡಿಗೆ ಬರುತ್ತಿದ್ದ. ಆ ದಿನ ತಂದದ್ದು ಎರಡು ಹಾಳೆ. ಇಂಗ್ಲಿಷಿನಲ್ಲಿತ್ತು. ಅವನ ಇಂಗ್ಲಿಷ್ ಫ್ಯೂಸು, ವೋಲ್ಟು, ಡೇಂಜರ್ ಇಷ್ಟರವರೆಗೆ ಗಟ್ಟಿ. ಉಳಿದದ್ದನ್ನು ಸೆಂಟರಿನ ಹುಡುಗನಿಂದ ಕೇಳಿ ತಿಳಿದುಕೊಂಡು ಬಂದಿದ್ದ.

"ಲೇ ತಿಪ್ಪೇಶ, ನಿನ್ನ ಮೂಗಿನ ಕಥೆ ಮುಗೀತು ತಿಳ್ಕ," ಎಂದ. "ಬೆಳ್ಳಿ ನೀರು. ಎರಡು ಬೆಳ್ಳಿ ತಂತಿ ನೀರಿನಾಗೆ ಇಳಿಬಿಟ್ಟು ಬ್ಯಾಟ್ರಿ ಕೊಟ್ರೆ ಬೆಳ್ಳಿ ಕರಗಿ ನೀರಿಗೆ ಇಳೀತದೆ. ಕಣ್ಣಿಗೆ ಕಾಣಲ್ಲ. ದಿನಾ ಎರಡು ಚಮಚ. ನೆಗಡಿ, ಸೀನು, ಕಜ್ಜಿ, ಕಣ್ಣುಬೇನೆ, ಹಲ್ಲುನೋವು, ಎಲ್ಲಾ ಹೋಗ್ತದೆ. ಇಲ್ಲಿ ಬರ್ದೈತೆ ನೋಡು."

ಅವನು ಬೆರಳಿಟ್ಟು ತೋರಿಸಿದ ಕಡೆ ಕೆಳಗೆ ಇನ್ನೂ ಸಣ್ಣ ಅಕ್ಷರದಲ್ಲಿ ಏನೇನೋ ಇತ್ತು. ಅದನ್ನು ನಾವಿಬ್ಬರೂ ಓದಲಿಲ್ಲ. ಸಣ್ಣ ಅಕ್ಷರದಲ್ಲಿ ಬರೆದದ್ದು ಮುಖ್ಯವಲ್ಲ ಎಂದೇ ಸಣ್ಣದಾಗಿ ಬರೆದಿರುತ್ತಾರೆ ಎಂಬುದು ಆಗಿನ ನನ್ನ ನಂಬಿಕೆ. ಜೊತೆಗೆ ನಮ್ಮವ್ವನೂ ಮಂಡಿಯ ಹಿಂದೆಯೇ ಇದ್ದ ಮನೆಯ ಅಡುಗೆಮನೆಯಿಂದ ದನಿಗೂಡಿಸಿದಳು: "ಬೆಳ್ಳಿ ಒಳ್ಳೇದೇ ಕಣಪ್ಪ. ನಿನಗೆ ಹಾಲು ಕುಡಿಸಿದ್ದು ಬೆಳ್ಳಿ ಒಳಲೇಲೇ." ಹಾಗೆ ಕುಡಿಸಿಯೂ ನಾನು ಹೀಗಾದೆನಲ್ಲ ಎಂದು ಆಗಲೇ ಯಾರಿಗಾದರೂ ಹೊಳೆಯಬೇಕಿತ್ತು.

ಬ್ಯಾಟರಿ ರೇಡಿಯೋ ಅಂಗಡಿಯಲ್ಲಿ ಸಿಕ್ಕಿತು. ಶುದ್ಧ ನೀರು, ಲಾರಿ ಬ್ಯಾಟರಿಗೆ ಹಾಕುವಂಥದ್ದು, ಗ್ಯಾರೇಜಿನಲ್ಲಿ ಸಿಕ್ಕಿತು. ತೊಡಕು ಬಂದದ್ದು ಬೆಳ್ಳಿಯ ಹತ್ತಿರ. ದೇವರ ಮನೆಯ ದೀಪದ ಕಂಬಗಳ ಮೇಲೆ ನನ್ನ ಕಣ್ಣು ಬಿದ್ದದ್ದೇ ತಡ, ಗಿರಿಜ ಅವನ್ನು ಬೀರುವಿಗೆ ಸೇರಿಸಿ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಕಾಲುಂಗುರ ಕೇಳುವಷ್ಟು ನಾನು ಕೆಟ್ಟಿರಲಿಲ್ಲ. ಇನ್ನು ಉಳಿದದ್ದು ನನ್ನ ಎದೆಯ ಮೇಲೇ ಇದ್ದ ಲಿಂಗದ ಕರಡಿಗೆ. ಗಟ್ಟಿ ಬೆಳ್ಳಿ, ಅಜ್ಜನ ಕಾಲದ್ದು. ಅದನ್ನು ಸುಮ್ಮನೆ ಒಮ್ಮೆ ಮುಟ್ಟಿ ನೋಡಿಕೊಂಡೆ ಅಷ್ಟೆ. ಅವ್ವ ಎಲ್ಲಿದ್ದಳೋ, "ಲಿಂಗದ ಕರಡಿಗೆಗೆ ಕರೆಂಟು ಕೊಡ್ತೀಯೇನೋ, ನಿನ್ನ ಬುದ್ಧಿಗಿಷ್ಟು," ಎಂದು ಎದ್ದು ಬಂದಳು. ಕೈ ತೆಗೆದೆ. ಅಕ್ಕಸಾಲಿಯ ಹತ್ತಿರ ತಂತಿ ಕೇಳೋಣವೆಂದರೆ ಸಿದ್ಲಿಂಗಣ್ಣ ಒಪ್ಪಲಿಲ್ಲ. ಒಡವೆಯ ಬೆಳ್ಳಿಗೆ ಬೇರೆ ಲೋಹ ಬೆರೆಸಿರುತ್ತಾರೆ, ಹಾಳೆಯಲ್ಲಿ ಅಪ್ಪಟ ಬೆಳ್ಳಿಯೇ ಆಗಬೇಕೆಂದು ಬರೆದಿದೆ ಎಂದ. ಇಬ್ಬರೂ ತಲೆಯ ಮೇಲೆ ಕೈ ಹೊತ್ತು ಕೂತೆವು. ಆಗ ಬೀದಿಯಲ್ಲಿ, ಹಳೇ ಜರಿ ಸೀರೆ ಕೊಳ್ಳುವವನು ಕೂಗಿಕೊಂಡು ಹೋದ.

ಆ ವ್ಯಾಪಾರ ನಮ್ಮ ಕಡೆಯವರಿಗೆಲ್ಲ ಗೊತ್ತು. ರೇಷ್ಮೆ ಹರಿದು ಚಿಂದಿಯಾದ ಸೀರೆಯನ್ನೂ ಅವನು ಕೊಳ್ಳುತ್ತಾನೆ. ಅಂಚು ಸೆರಗು ಕತ್ತರಿಸಿ ಸುಡುತ್ತಾನೆ. ನೂಲು ಬೂದಿಯಾಗಿ ಜರಿಯ ಬೆಳ್ಳಿ ಉಳಿಯುತ್ತದೆ. ಅಸಲಿ ಜರಿ ಎಂದರೆ ಕೂದಲಿನಷ್ಟು ತೆಳ್ಳಗೆ ಎಳೆದ ಬೆಳ್ಳಿ, ಮೇಲೆ ಬಂಗಾರದ ನೀರು. ಅಷ್ಟು ತೆಳ್ಳಗೆ ಎಳೆಯಬೇಕೆಂದರೆ ಅದು ಅಪ್ಪಟವೇ ಇರಬೇಕು ಎಂದು ಸಿದ್ಲಿಂಗಣ್ಣ ತಂತಿಯ ಅನುಭವದಿಂದ ಹೇಳಿದ. ನಾನು ಅವನ ಮುಖ ನೋಡಿದೆ. ಅವನು ನನ್ನ ಮುಖ ನೋಡಿದ. ಮನೆಯಲ್ಲಿ ಗಿರಿಜಳ ಮುಹೂರ್ತದ ಸೀರೆ ಇತ್ತು.

ಆ ಸೀರೆಯ ಬಗ್ಗೆ ಎರಡು ಮಾತು ಹೇಳಲೇಬೇಕು. ಹದಿನಾರು ವರ್ಷದ ಹಿಂದೆ ನಮ್ಮ ಮದುವೆಗೆ ಅದನ್ನು ಆರಿಸಿ ತಂದವನು ನಾನೇ. ಗಂಡಿನ ಕಡೆಯವರು ಕೊಡುವ ಸೀರೆ, ಹೆಣ್ಣಿನ ಅಪ್ಪ ಸೀರೆ ವ್ಯಾಪಾರದವರು. ಅವರ ಅಂಗಡಿಯಲ್ಲೇ ಕೊಳ್ಳೋಣವೆಂದು ನಮ್ಮಪ್ಪ ಅಂದರೆ ನನಗೆ ರೋಷ ಬಂತು. ನನಗೇನು ವಸ್ತು ಗುರುತು ಸಿಗುವುದಿಲ್ಲವೇ? ಶೇಂಗಾ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗಿನ ಬೀಜ ಗಟ್ಟಿಯೋ ಜೊಳ್ಳೋ ಹೇಳುವವನು ನಾನು. ಆ ವಿದ್ಯೆ ಎಲ್ಲದಕ್ಕೂ ಸಲ್ಲುತ್ತದೆ ಎಂದುಕೊಂಡು ಒಬ್ಬನೇ ಮೊಳಕಾಲ್ಮೂರಿನ ಬಸ್ಸು ಹತ್ತಿ ಹೋಗಿ, ಮಾವನವರ ಕಣ್ಣು ತಪ್ಪಿಸಿ ಬೇರೊಂದು ಸಣ್ಣ ಅಂಗಡಿ ಹೊಕ್ಕೆ. ಜರಿಯನ್ನು ಕಲ್ಲಿಗೆ ಉಜ್ಜಿ ಬಣ್ಣ ನೋಡಬೇಕೆಂದು ಯಾರೋ ಹೇಳಿದ್ದು ನೆನಪಿತ್ತು. ಯಾವ ಬಣ್ಣ ಬಂದರೆ ಅಸಲಿ ಎಂಬುದನ್ನು ಕೇಳಿಕೊಂಡಿರಲಿಲ್ಲ. ಗಂಭೀರವಾಗಿ ಅಂಗಡಿಯ ಮೆಟ್ಟಿಲಿಗೆ ಉಜ್ಜಿದೆ. ಕೆಂಪಗೆ ಬಂತು. "ಇದೇನು ಕೆಂಪಗೈತೆ?" ಎಂದೆ. ಅಂಗಡಿಯ ಮುದುಕ ತೆಲುಗಿನವನು. ನನ್ನನ್ನು ಅಕ್ಕರೆಯಿಂದ ನೋಡಿ, "ಬಂಗಾರು ಎರ್ರಗಾ ಉಂಡಕ ಇಂಕೆಟ್ಲ ಉಂಟಾದಿ ನಾಯನಾ," ಎಂದ. ಬಂಗಾರ ಕೆಂಪಗಿರದೆ ಇನ್ನು ಹೇಗಿರುತ್ತದಪ್ಪ ಎಂಬುದು ನನಗೂ ನ್ಯಾಯವೆನ್ನಿಸಿತು. ಕೊಂಡೆ. ಅಂದಿನಿಂದ ನೂರು ಮದುವೆಯಲ್ಲಿ ನೂರು ಜನರಿಗೆ ಹೇಳಿದ್ದೇನೆ, ಬೆಳ್ಳಿ ಜರಿ, ನಾನೇ ಪರೀಕ್ಷೆ ಮಾಡಿ ತಂದದ್ದು ಎಂದು. ಗಿರಿಜಳೂ ಒಂದು ದಿನ ಎದುರಾಡಿದವಳಲ್ಲ.

ನಿಶ್ಚಿತಾರ್ಥದ ತಯಾರಿಗೆಂದು ಗಿರಿಜ ಒಂದು ದಿನದ ಮಟ್ಟಿಗೆ ಬೆಳಿಗ್ಗೆಯ ಬಸ್ಸಿಗೆ ಮೊಳಕಾಲ್ಮೂರಿಗೆ ಹೋದಳು. ಅವ್ವ ಮಗಳ ಮನೆಗೆ ಹೋಗಿದ್ದಳು. ಬೀರುವಿನ ಬೀಗದ ಕೈಯನ್ನು ಗಿರಿಜ ಸೊಂಟದಿಂದ ತೆಗೆದು ಅಕ್ಕಿ ಡಬ್ಬಿಯೊಳಗೆ ಇಟ್ಟು ಹೋಗುತ್ತಾಳೆ ಎಂಬುದು ನನಗೆ ಗೊತ್ತಿತ್ತು. ನನಗೆ ಗೊತ್ತು ಎಂಬುದು ಅವಳಿಗೆ ಗೊತ್ತಿರಲಿಲ್ಲ. ಸೀರೆ ತೆಗೆದು, ಉಟ್ಟಾಗ ಸೊಂಟದೊಳಗೆ ಸೇರಿಹೋಗುವ ತುದಿಯನ್ನು ಹುಡುಕಿ, ಅಲ್ಲಿಂದ ಒಂದು ಗೇಣಷ್ಟು ಅಂಚನ್ನು ಕತ್ತರಿಸಿದೆ. ಹದಿನಾರು ವರ್ಷದಲ್ಲಿ ಅವಳಿಗೆ ಹೇಳದೆ ಮಾಡಿದ ಕೆಲಸ ಬೇಕಾದಷ್ಟಿವೆ, ಆದರೆ ಕತ್ತರಿ ಹಿಡಿದು ಮಾಡಿದ್ದು ಇದೊಂದೇ. ಶಾಮಿಯಾನದ ಹೊರಗೆ ನಿಲ್ಲಬೇಕಾಗುತ್ತದೆ ಎಂದು ನೆನಪು ಮಾಡಿಕೊಂಡು ಧೈರ್ಯ ತಂದುಕೊಂಡೆ.

ಹಿತ್ತಲಲ್ಲಿ, ಕಬ್ಬಿಣದ ಸೌಟಿನಲ್ಲಿ ಅಂಚನ್ನು ಸುಟ್ಟೆವು. ರೇಷ್ಮೆ ಸುಟ್ಟ ವಾಸನೆ ಕೂದಲು ಸುಟ್ಟಂತೆ ಬಂದು ನಾನು ಒಂದು ಸೀನಿದೆ. ಬೂದಿ ಉದುರಿಸಿದರೆ ಕಪ್ಪಗೆ ಗಂಟುಗಂಟಾದ ತಂತಿಯ ಸಿಂಬೆ ಉಳಿಯಿತು. "ಕಪ್ಪಗೈತಲ್ಲೋ," ಎಂದೆ. "ಮಸಿ ಕಣಲೇ," ಎಂದ ಸಿದ್ಲಿಂಗಣ್ಣ. ಅದನ್ನು ಎರಡು ಭಾಗ ಮಾಡಿ, ಹೊಸೆದು, ಗಾಜಿನ ಲೋಟದ ಎರಡು ಬದಿಗೆ ಕ್ಲಿಪ್ಪು ಹಾಕಿ ಇಳಿಬಿಟ್ಟು, ಮೂರು ಬ್ಯಾಟರಿ ಸೇರಿಸಿ ಕರೆಂಟು ಕೊಟ್ಟ. ಅರ್ಧ ಗಂಟೆ ಕೂತೆವು, ಏನೂ ಆಗಲಿಲ್ಲ. ಹಾಳೆಯಲ್ಲಿ ಉಪ್ಪು ಹಾಕಬಾರದೆಂದು ಇತ್ತಂತೆ. ಹಾಕಬಾರದು ಎಂದರೆ ಹಾಕಿದರೆ ಏನೋ ಆಗುತ್ತದೆ ಎಂದೇ ಅರ್ಥವಲ್ಲವೇ ಎಂದು ವಾದಿಸಿ ಸಿದ್ಲಿಂಗಣ್ಣ ಒಂದು ಚಿಟಿಕೆ ಉದುರಿಸಿದ. ಕೂಡಲೇ ಗುಳ್ಳೆ ಎದ್ದವು. ನೀರು ಹಾಲಿನಂತೆ ಮಸುಕಾಯಿತು. "ಬಂತು ನೋಡು ಬೆಳ್ಳಿ," ಎಂದು ಅವನು ತೊಡೆ ತಟ್ಟಿದ. ಆಮೇಲೆ ಹಳದಿಯಾಯಿತು. ಬೆಳ್ಳಿ ನೀರು ಬಂಗಾರದ ಬಣ್ಣಕ್ಕೆ ತಿರುಗಿದರೆ ಹದ ಬಂದಂತೆ ಎಂದು ಹಾಳೆಯಲ್ಲಿತ್ತಂತೆ. ನಾನು ಮನಸ್ಸಿನಲ್ಲೇ ಅಯ್ಯನವರ ಪಕ್ಕ ಹೋಗಿ ಕೂತುಬಿಟ್ಟೆ. ಆಮೇಲೆ ಅದು ಹಸಿರಾಯಿತು.

ತಿಳಿ ಹಸಿರಲ್ಲ. ಕೆರೆಯ ಪಾಚಿಗೆ ನೀಲಿ ಕಲಸಿದಂಥ ಹಸಿರು. ಸಿದ್ಲಿಂಗಣ್ಣ ಲೋಟದ ಮೇಲೆ ಬಗ್ಗಿದ. ಮೂವತ್ತು ವರ್ಷ ಕಂಬದ ಮೇಲೆ ಮಳೆಗೆ ಬಿಸಿಲಿಗೆ ಹಳೆಯದಾದ ತಂತಿ ಬಿಚ್ಚಿದವನು, ಆ ಬಣ್ಣದ ಮನೆತನ ಅವನಿಗೆ ಗೊತ್ತಿತ್ತು. ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ನನ್ನ ಕಡೆ ನೋಡದೆ, "ತಿಪ್ಪೇಶ, ಇದು ತಾಮ್ರ ಇದ್ದಂಗೈತಪ್ಪ," ಎಂದ.

"ಬಂಗಾರದ ನೀರು ಬಿಟ್ಟಿರಬೇಕು," ಎಂದೆ.

"ಬಂಗಾರ ಹಸಿರು ಬಿಡಲ್ಲ."

"ರೇಷ್ಮೆ ಬಣ್ಣ ಇರ್ತದೆ."

"ರೇಷ್ಮೆ ಸುಟ್ಟು ಹೋತಲ್ಲೋ. ಅಲ್ಲದೆ ಸೀರೆ ಕೆಂಪು."

ಆಗ ನನ್ನ ಬುದ್ಧಿ ಕೆಲಸ ಮಾಡಿದ ರೀತಿಯನ್ನು ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಅದು ಕುಡಿಯುವ ವಸ್ತುವಲ್ಲವೆಂದು ಕಣ್ಣಿಗೆ ಕಾಣುತ್ತಿತ್ತು. ಆದರೆ ಕುಡಿಯದೆ ಚೆಲ್ಲಿದರೆ ಅದು ತಾಮ್ರವೆಂದು ಒಪ್ಪಿಕೊಂಡಂತೆ. ಅದು ತಾಮ್ರವಾದರೆ ಸೀರೆ ಖೋಟಾ. ಸೀರೆ ಖೋಟಾ ಆದರೆ ಹದಿನಾರು ವರ್ಷದ ನನ್ನ ಮಾತೆಲ್ಲ ಖೋಟಾ. ಸೀನು ಹೋಗಲೆಂದು ಶುರು ಮಾಡಿದ ಔಷಧಿಯನ್ನು ಸೀರೆಯ ಮಾನ ಉಳಿಯಲೆಂದು ಎರಡು ಚಮಚ ಕುಡಿದೆ. "ಬೆಳ್ಳೀನೇ," ಎಂದೆ. ಸಿದ್ಲಿಂಗಣ್ಣ ಏನಾದರೂ ಹೇಳುವಷ್ಟರಲ್ಲಿ ಹೊಟ್ಟೆ ತೊಳಸಿಕೊಂಡು ಬಂದು, ಕರಿಬೇವಿನ ಗಿಡದ ಬುಡಕ್ಕೆ ಓಡಿದೆ. ಅಲ್ಲಿಂದ ಬಚ್ಚಲಿಗೆ. ಬಚ್ಚಲಿಂದ ಸಿದ್ಲಿಂಗಣ್ಣನ ಲೂನಾದ ಹಿಂದೆ ಕೂತು ಡಾಕ್ಟರ ಹತ್ತಿರ.

ಡಾಕ್ಟರು ವಯಸ್ಸಿನಲ್ಲಿ ಚಿಕ್ಕವರು. ಕಥೆಯನ್ನೆಲ್ಲ ಕೇಳಿ, ನಗು ತಡೆಯಲು ಸ್ಟೆತಸ್ಕೋಪು ಕಿವಿಗೆ ಹಾಕಿಕೊಂಡು ಸುಮ್ಮನೆ ನನ್ನ ಬೆನ್ನನ್ನು ಬಹಳ ಹೊತ್ತು ಕೇಳಿಸಿಕೊಂಡರು. ಆಮೇಲೆ ಗಟ್ಟಿಯಾಗಿ ಬೈದರು. "ತಾಮ್ರ ಆಗಿದ್ದಕ್ಕೆ ವಾಂತಿ ಆಗಿ ಇಲ್ಲಿಗೆ ಬಂದ್ರಿ, ಬಚಾವಾದ್ರಿ ಯಜಮಾನ್ರೆ. ನಿಜವಾದ ಬೆಳ್ಳಿ ಆಗಿದ್ರೆ ಏನೂ ಗೊತ್ತಾಗ್ತಿರಲಿಲ್ಲ, ದಿನಾ ಕುಡೀತಾ ಹೋಗ್ತಿದ್ರಿ. ಸೀನಂತೂ ಹೋಗ್ತಿರಲಿಲ್ಲ, ಅದರಿಂದ ಯಾವ ಕಾಯಿಲೇನೂ ಹೋಗಲ್ಲ. ಮೈ ಮಾತ್ರ ಬೂದಿ ನೀಲಿ ಆಗಿಬಿಡ್ತದೆ. ಒಂದ್ಸಲ ಆದ್ರೆ ಆಯ್ತು, ಆಮೇಲೆ ಯಾವ ಸೋಪಿಗೂ ಬಿಡಲ್ಲ." ಸಣ್ಣ ಅಕ್ಷರದಲ್ಲಿ ಇದ್ದದ್ದು ಅದೇ ಇರಬೇಕು. ಅಂತೂ ಆ ತೆಲುಗು ಮುದುಕ ಹದಿನಾರು ವರ್ಷದ ಹಿಂದೆ ನನಗೆ ಮೋಸ ಮಾಡಿದ್ದರಿಂದ ನನ್ನ ಮೈಬಣ್ಣ ಉಳಿಯಿತು. ಹೋಗಿ ಕೈ ಮುಗಿಯೋಣವೆಂದರೆ ಆ ಅಂಗಡಿಯೇ ಈಗ ಇಲ್ಲ.

ಸಂಜೆ ಗಿರಿಜ ಬಂದಾಗ ನಾನು ನಡುಮನೆಯಲ್ಲಿ ಚಾಪೆಯ ಮೇಲೆ ಉಪ್ಪು ಸಕ್ಕರೆ ನೀರು ಕುಡಿಯುತ್ತ ಮಲಗಿದ್ದೆ. ಸಿದ್ಲಿಂಗಣ್ಣ, ಬಸ್‌ಸ್ಟ್ಯಾಂಡಿನ ಕಡೆಯಿಂದ ಅವಳು ಬರುವುದನ್ನು ಕಂಡು, ಹಿತ್ತಲ ಬಾಗಿಲಿನಿಂದ ಹೊರಟುಹೋಗಿದ್ದ. ಕಂಬ ಹತ್ತಿದ ಮನುಷ್ಯ, ಅಪಾಯ ದೂರದಿಂದಲೇ ಗೊತ್ತಾಗುತ್ತದೆ. ಅವಳು ಮೊದಲು ನನ್ನ ಮುಖ ನೋಡಿದಳು, ಆಮೇಲೆ ಹಿತ್ತಲಿನ ಲೋಟ, ಆಮೇಲೆ ಮಂಚದ ಮೇಲೆ ಬಿಚ್ಚಿಟ್ಟ ಸೀರೆ. ಮಡಿಸಿ ಇಡಲೂ ನನಗೆ ಆಗಿರಲಿಲ್ಲ. ಹೇಳುವುದನ್ನೆಲ್ಲ ಹೇಳಿದೆ. ಕೊನೆಗೆ, "ಗಿರಿಜ, ಅದು ತಾಮ್ರ ಕಣೆ," ಎಂದೆ. ಹೊಟ್ಟೆಯ ಸಂಕಟಕ್ಕಿಂತ ಇದು ಹೆಚ್ಚು ಸಂಕಟವಾಗಿತ್ತು, ನಿಜ ಹೇಳುತ್ತೇನೆ.

ಅವಳು ಅತ್ತಳು. ಸೀರೆ ಹಿಡಿದುಕೊಂಡಲ್ಲ, ನನ್ನ ಹಣೆ ಮುಟ್ಟಿ ನೋಡಿ ಅತ್ತಳು. "ಏನಾದ್ರೂ ಹೆಚ್ಚುಕಮ್ಮಿ ಆಗಿದ್ರೆ ನಾನೇನ್ ಮಾಡ್ಬೇಕಿತ್ತು? ಸೀನಿದ್ರೆ ಸೀನ್ಕಳ್ರಿ, ಯಾರು ಬ್ಯಾಡ ಅಂದ್ರು?" ಅಂದಳು. ಕಾರು ಕಾಯಲು ಹೇಳಿದವಳು ಅವಳೇ ಎಂದು ನೆನಪಿಸುವ ಹೊತ್ತು ಅದಲ್ಲವೆಂದು ಉಪ್ಪು ಸಕ್ಕರೆ ನೀರನ್ನು ಇನ್ನೊಂದು ಗುಟುಕು ಕುಡಿದೆ. ಆಮೇಲೆ ಕಣ್ಣೊರೆಸಿಕೊಂಡು, ಕತ್ತರಿಸಿದ ತುದಿಯನ್ನು ಕೈಯಲ್ಲಿ ಹಿಡಿದು, ಎಷ್ಟು ಹೋಗಿದೆ ಎಂದು ಗೇಣು ಹಾಕಿ ನೋಡುತ್ತ, ಏನೋ ಸಾಮಾನ್ಯ ಮಾತೆಂಬಂತೆ ಹೇಳಿದಳು:

"ತಾಮ್ರ ಅಂತ ನನಗೆ ಗೊತ್ತಿತ್ತು ಬಿಡ್ರಿ."

"ಯಾವಾಗಿಂದ?"

"ಮುಹೂರ್ತದ ದಿನದಿಂದ. ಅಪ್ಪಾಜಿ ಅಕ್ಷತೆ ಹಾಕೋಕೆ ಬಂದಾಗ ಸೆರಗು ಎರಡು ಬೆರಳಾಗೆ ಹಿಡಿದು ನೋಡಿದ್ರು. ಅವರ ಕೈಗೆ ಗೊತ್ತಾಗಲ್ವೇನ್ರಿ?"

"ಏನಂದ್ರು?"

ಅವಳು ಹೇಳಲೋ ಬೇಡವೋ ಎಂದು ನನ್ನ ಮುಖ ನೋಡಿದಳು. ವಾಂತಿ ಮಾಡಿಕೊಂಡು ಮಲಗಿದವನು ಇನ್ನೇನು ಎದ್ದು ಜಗಳವಾಡಿಯಾನು ಅನ್ನಿಸಿರಬೇಕು. "ಕಿವೀಲಿ ಅಂದ್ರು. ಹುಡುಗ ಒಳ್ಳೇನು, ನಿನ್ನ ಚೆನ್ನಾಗಿ ನೋಡ್ಕಂತಾನೆ. ಆದ್ರೆ ಬಜಾರಕ್ಕೆ ಮಾತ್ರ ಒಬ್ಬನ್ನೇ ಕಳಿಸಬ್ಯಾಡವ್ವ, ಅಂತ."

ನಾನು ಗೋಡೆಯ ಕಡೆ ತಿರುಗಿ ಮಲಗಿದೆ. ಮೊಳಕಾಲ್ಮೂರಿನ ಹದಿನಾರು ವರ್ಷದ ರಾಜಮರ್ಯಾದೆ ಒಂದೊಂದಾಗಿ ಕಣ್ಣ ಮುಂದೆ ಬಂತು. ವೀಳ್ಯದೆಲೆ ತರಲು ಎದ್ದವನನ್ನು ಭುಜ ಹಿಡಿದು ಕೂರಿಸಿದ್ದು. ಮುಚ್ಚಿಟ್ಟ ಚಪ್ಪಲಿ. ಹೋರಿ ಕೊಳ್ಳಲು ಎಲ್ಲರೂ ಬೆಳಗಾಗುವ ಮುಂಚೆ, ನಾನು ಏಳುವುದರೊಳಗೆ ಹೋಗಿಬಂದದ್ದು. ನಮ್ಮ ಮನೆಯಲ್ಲೂ ನಾನು ತಂದ ಬದನೆಕಾಯಿಯನ್ನು ಗಿರಿಜ ಒಂದೊಂದೇ ತಿರುಗಿಸಿ ನೋಡುತ್ತಿದ್ದಾಗ, ಗಂಡ ತಂದದ್ದೆಂದು ಮೆಚ್ಚಿ ನೋಡುತ್ತಿದ್ದಾಳೆ ಎಂದುಕೊಂಡಿದ್ದೆನಲ್ಲ. ಮದುವೆ ಮನೆಗಳಲ್ಲಿ ನಾನು ಬೆಳ್ಳಿ ಜರಿಯ ಕಥೆ ತೆಗೆದಾಗ ಅವಳು ತಲೆ ಬಗ್ಗಿಸಿಕೊಂಡು ಸೆರಗು ಸರಿಮಾಡಿಕೊಳ್ಳುತ್ತಿದ್ದುದನ್ನು ನಾಚಿಕೆ ಎಂದುಕೊಂಡಿದ್ದೆ. ನಾಚಿಕೆಯೇ. ಯಾರ ಪರವಾಗಿ ಎಂಬುದು ಮಾತ್ರ ಈಗ ತಿಳಿಯಿತು.

ನಿಶ್ಚಿತಾರ್ಥದ ದಿನ ಬಂತು. ಸೀನು ಎಲ್ಲಿಗೂ ಹೋಗಿರಲಿಲ್ಲ. ನಾನಾಗಿಯೇ ಶಾಮಿಯಾನದ ಹೊರಗೆ ಹೊರಟವನನ್ನು ಗಿರಿಜ, "ಎಲ್ಲಿಗೆ ಹೋಗ್ತೀರಿ, ಇಲ್ಲೇ ಕೂತ್ಕಳ್ರಿ," ಎಂದು ತನ್ನ ಹಿಂದಿನ ಜಮಖಾನದ ಮೇಲೆ ಕೂರಿಸಿದಳು. ಅವಳು ಉಟ್ಟದ್ದು ಅದೇ ಸೀರೆ. ಕತ್ತರಿಸಿದ ತುದಿ ಸೊಂಟದೊಳಗೆ ಸೇರಿ ಯಾರ ಕಣ್ಣಿಗೂ ಬೀಳಲಿಲ್ಲ. ನಾನು ಮೂಗಿಗೆ ಕರ್ಚೀಫು ಒತ್ತಿ ಹಿಡಿದು, ಉಸಿರನ್ನು ಚೂರುಚೂರೇ ತೆಗೆದುಕೊಳ್ಳುತ್ತ ಕೂತೆ. ಅಯ್ಯನವರು ಮಂತ್ರ ಮುಗಿಸಿ, ಎರಡೂ ಕಡೆಯ ಹಿರಿಯರ ಕೈಗೆ ತಾಂಬೂಲದ ತಟ್ಟೆ ಕೊಟ್ಟರು. ಅದೇ ಹೊತ್ತಿಗೆ ಕೊಂಡ್ಲಹಳ್ಳಿಯ ಕಡೆಯ ಒಬ್ಬ ಅಜ್ಜಿ, ಗಂಡಿನ ಸೋದರತ್ತೆಯಂತೆ, ಗಿರಿಜಳ ಸೆರಗನ್ನು ಎರಡು ಬೆರಳಲ್ಲಿ ಹಿಡಿದಳು. ಮಾವನವರು ಹಿಡಿದರೆಂದು ಗಿರಿಜ ಹೇಳಿದ್ದಳಲ್ಲ, ಅದೇ ಎರಡು ಬೆರಳು.

"ಬೆಳ್ಳಿ ಜರೀನೇನವ್ವ?" ಎಂದಳು ಅಜ್ಜಿ.

ಗಿರಿಜ ತಲೆ ಬಗ್ಗಿಸಲಿಲ್ಲ, ಸೆರಗು ಸರಿಮಾಡಿಕೊಳ್ಳಲಿಲ್ಲ. ಅಜ್ಜಿಯ ಕಣ್ಣಲ್ಲಿ ಕಣ್ಣಿಟ್ಟು, "ಹೂಂ ಅಜ್ಜಿ. ನಮ್ಮನೇರೇ ಪರೀಕ್ಷೆ ಮಾಡಿ ತಂದಿದ್ದು," ಎಂದಳು.

ಪಕ್ಕದಲ್ಲಿದ್ದ ಮಾವನವರು ಮೇಲೆ ಶಾಮಿಯಾನದ ಬಟ್ಟೆಯನ್ನು ಬಹಳ ಗಮನವಿಟ್ಟು ನೋಡತೊಡಗಿದರು. ನನಗೆ ಅದೇನು ಉಕ್ಕಿ ಬಂತೋ, ಅಳುವೋ ನಗುವೋ, ಬಾಯಿಗೆ ಬರಬೇಕಾದದ್ದು ಮೂಗಿಗೆ ಬಂತು. ಕರ್ಚೀಫು ಹಾರಿತು. ಸೀನಿದೆ. ತಟ್ಟೆಗಳು ಕೈಯಿಂದ ಕೈಗೆ ಹೋಗುವ ನಡುವೆ ಗಾಳಿಯಲ್ಲೇ ನಿಂತವು. ವಾದ್ಯದವರು ನಿಲ್ಲಿಸಿದರು. ಕೊಂಡ್ಲಹಳ್ಳಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗಿರಿಜಳ ಅಣ್ಣನ ಮುಖ ಬಿಳಿಚಿತು. ಆ ಹುಡುಗಿ, ನಾನು ಎತ್ತಿ ಆಡಿಸಿದ ಹುಡುಗಿ, ತಲೆಯೆತ್ತಿ ನನ್ನ ಕಡೆ ನೋಡಿದಳು. ನಾನು ಬಾಯಿ ತೆರೆದು, ಕಣ್ಣು ಕಿರಿದು ಮಾಡಿ, ಎರಡನೆಯದಕ್ಕಾಗಿ ಕಾದೆ. ಮನೆದೇವರನ್ನು ನೆನೆದೆ. ಅದು ಎಂದಿನಂತೆ ಮೂಗಿನ ತುದಿಯವರೆಗೆ ಬಂದು, ಹಿಂದಕ್ಕೆ ಹೋಯಿತು.

ಆಗ ನನ್ನ ಮುಂದೆ ಕೂತ ಗಿರಿಜ, ಸೆರಗಿನ ತುದಿಯನ್ನು ಮೂಗಿಗೆ ಹಿಡಿದು, "ಆಕ್ಷಿ," ಎಂದಳು.

"ಜೋಡಿ ಆತು, ಜೋಡಿ ಆತು, ಬದಲಾಯಿಸ್ರಪ್ಪ," ಎಂದರು ಅಯ್ಯನವರು. ವಾದ್ಯ ಮೊಳಗಿತು. ತಟ್ಟೆಗಳು ಕೈ ಬದಲಾಯಿಸಿದವು. ಎಲ್ಲರ ಮುಖಕ್ಕೂ ಜೀವ ಬಂತು.

ಗಿರಿಜಳಿಗೆ ಆ ದಿನ ನೆಗಡಿ ಇರಲಿಲ್ಲ. ಸಂಸಾರದ ಹದಿನಾರು ವರ್ಷದಲ್ಲಿ ಅವಳು ಸೀನುವುದನ್ನು ನಾನು ಬೇಕಾದಷ್ಟು ಸಲ ಕೇಳಿದ್ದೇನೆ, ಅವಳ ಸೀನು ಅಂಥದ್ದಲ್ಲ. ಕಲ್ಲಿಗೆ ಉಜ್ಜದೆ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸದೆ, ಬ್ಯಾಟರಿ ಕೊಡದೆ, ಒಂದು ಖೋಟಾ ಮಾಲನ್ನು ಖೋಟಾ ಎಂದು ನಾನು ಒಂದೇ ಏಟಿಗೆ ಗುರುತಿಸಿದ್ದು ನನ್ನ ಜೀವಮಾನದಲ್ಲಿ ಅದೊಂದೇ ಸಲ. ಯಾರಿಗೂ ಹೇಳಲಿಲ್ಲ.